ನಡೆಯುತ್ತಿರುವ ಪ್ರೋಗ್ರಾಮಿನ ಬದಲಾವಣೆ: ಕರ್ನಾಟಕದ ನಿದರ್ಶನಗಳೊಡನೆ ಒಂದು ಚಾರಿತ್ರಿಕ ವಿವೇಚನೆ

೧. ವಿಷಯ ಪ್ರವೇಶ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕು ಶಾಸನಾಭ್ಯಾಸಿಗಳಿಗೆ ಚಿರಪರಿಚಿತವಾದ ನೆಲ. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಈ ತಾಲ್ಲೂಕಿನ ನೂರಾರು ಶಾಸನಗಳು ಸೇರಿವೆ. ಯಾರ ಭೂಮಿ ಯಾರಿಗೆ ಸಂದಿತು, ಅದರ ಎಲ್ಲೆ ಯಾವುದು ಎಂಬ ಸಂಗತಿಗಳನ್ನು ಅಂದಿನವರು ಕಲ್ಲಿನ ಮೇಲೆ ಬರೆಯಿಸಿದರು. ಅದೇ ತಾಲ್ಲೂಕಿನ ಜಡೆಯಲ್ಲಿ ಇಂದು ಒಬ್ಬ ರೈತನ ಹಿಡುವಳಿಯ ವಿವರ ಗಣಕಯಂತ್ರದಲ್ಲಿದೆ. ಅವನ ಪಡಿತರದ ಲೆಕ್ಕವೂ ಬೆಳೆಯ ಲೆಕ್ಕವೂ ಒಂದಲ್ಲ ಒಂದು ಸಣ್ಣ ಯಂತ್ರದ ಮೂಲಕವೇ ಸಾಗುತ್ತವೆ. ಈ ಎರಡು ಬಗೆಯ ದಾಖಲೆಗಳ ನಡುವೆ ಇತಿಹಾಸಕಾರನು ಗಮನಿಸಬೇಕಾದ ಒಂದು ಮುಖ್ಯ ಭೇದವುಂಟು. ಕಲ್ಲಿನ ಬರಹವು ಯಾರ ಹಂಗೂ ಇಲ್ಲದೆ ತಾನಾಗಿ ನಿಂತಿರುತ್ತದೆ. ಗಣಕದೊಳಗಿನ ಬರಹವಾದರೋ, ಅದನ್ನು ತೆಗೆದು ತೋರಿಸುವ ಪ್ರೋಗ್ರಾಮು ನಡೆಯುತ್ತಿರುವ ತನಕ ಮಾತ್ರ ಜನರಿಗೆ ದೊರೆಯುತ್ತದೆ. ಆ ಪ್ರೋಗ್ರಾಮಿನಲ್ಲಿ ದೋಷಗಳು ಕಂಡುಬರುತ್ತವೆ, ಕಾನೂನು ಮಾರ್ಪಡುತ್ತದೆ, ಭಾಷೆ ಸೇರಿಸಬೇಕಾಗುತ್ತದೆ; ಆದುದರಿಂದ ಅದನ್ನು ಆಗಾಗ್ಗೆ ಬದಲಿಸದೆ ಗತ್ಯಂತರವಿಲ್ಲ.

ನಡೆಯುತ್ತಿರುವ ಪ್ರೋಗ್ರಾಮನ್ನು ಕೆಲಸ ಕೆಡದಂತೆ ಬದಲಿಸುವುದು ಹೇಗೆಂಬ ಈ ಪ್ರಶ್ನೆ ಮೇಲುನೋಟಕ್ಕೆ ಕೇವಲ ತಂತ್ರಜ್ಞರಿಗೆ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಇದಕ್ಕೆ ಇಂದು ದೊರೆತಿರುವ ಉತ್ತರವು ಒಬ್ಬರ ಬುದ್ಧಿಯಿಂದ ಒಂದೇ ಸಲಕ್ಕೆ ಹುಟ್ಟಿದುದಲ್ಲ. ಸುಮಾರು ಐವತ್ತು ವರ್ಷಗಳ ಅವಧಿಯಲ್ಲಿ, ಒಂದೊಂದು ಹಾನಿಯಿಂದ ಒಂದೊಂದು ನಿಯಮದಂತೆ, ಅದು ಕೂಡಿಬಂದಿದೆ. ಆ ಕ್ರಮವನ್ನು ನಿರೂಪಿಸಿ, ಕರ್ನಾಟಕದ ಮೂರು ನಿದರ್ಶನಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

೨. ಅಪಾಯದ ಸ್ವರೂಪ

ಮೇಜಿನ ಮೇಲಿನ ಗಣಕವನ್ನು ಎಲ್ಲರೂ ಬಲ್ಲರು. ಅದಲ್ಲದೆ, ತೂಕದ ಯಂತ್ರ, ಚೀಟಿಯಂತ್ರ, ವಿದ್ಯುತ್ ಮೀಟರು ಮುಂತಾದವುಗಳ ಒಡಲಲ್ಲಿ ಹುದುಗಿದ್ದು ಒಂದೇ ಗೊತ್ತಾದ ಕೆಲಸವನ್ನು ಮಾಡುವ ಗಣಕಗಳುಂಟು. ಇವುಗಳನ್ನು ಎಂಬೆಡೆಡ್ ಗಣಕಗಳೆನ್ನುವರು. ಇಂಥ ಅನೇಕ ಯಂತ್ರಗಳಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸರು ೧೯೯೧ರಲ್ಲಿ ಪ್ರಾರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನೆಲಸಿದೆ. ಇವುಗಳಿಗೆ ಸಾಮಾನ್ಯವಾಗಿ ಕೀಲಿಮಣೆಯಿಲ್ಲ, ದೊಡ್ಡ ಪರದೆಯಿಲ್ಲ, ಪಕ್ಕದಲ್ಲಿ ತಜ್ಞನೂ ಇಲ್ಲ. ಬದಲಾವಣೆಯ ನಡುವೆ ಯಂತ್ರವು ಸ್ತಬ್ಧವಾದರೆ ಅದನ್ನು ಎಬ್ಬಿಸಲು ಪಟ್ಟಣದಿಂದ ಜನ ಬರಬೇಕು. ಅದುವರೆಗೆ ಊರಿನ ಕೆಲಸ ನಿಲ್ಲುತ್ತದೆ.

ಅಪಾಯವಿರುವುದು ಎಲ್ಲಿ? ಲಿನಕ್ಸ್ ಒಂದು ಪ್ರೋಗ್ರಾಮನ್ನು ನಡೆಸುವಾಗ ಅದರ ಕಡತವನ್ನೆಲ್ಲ ಒಮ್ಮೆಗೇ ಸ್ಮೃತಿಗೆ ತಂದುಕೊಳ್ಳುವುದಿಲ್ಲ. ಬೇಕಾದ ಪುಟವನ್ನು ಬೇಕಾದಾಗ ಕಡತದಿಂದ ಎತ್ತಿಕೊಳ್ಳುತ್ತದೆ. ಹೀಗಿರಲಾಗಿ, ನಡೆಯುತ್ತಿರುವಾಗಲೇ ಆ ಕಡತದ ಮೇಲೆ ಹೊಸದನ್ನು ಬರೆದರೆ, ಆಗಲೇ ತಂದುಕೊಂಡ ಪುಟಗಳು ಹಳೆಯ ಪ್ರೋಗ್ರಾಮಿನವು, ಮುಂದೆ ತರುವ ಪುಟಗಳು ಹೊಸದರವು ಎಂದಾಗುತ್ತದೆ. ಹಳೆಯದರ ಒಂದು ಆದೇಶವು ‘ಇಂಥ ಸ್ಥಾನಕ್ಕೆ ಹೋಗು’ ಎನ್ನುತ್ತದೆ. ಆ ಸ್ಥಾನದಲ್ಲಿ ಈಗ ಇರುವುದೇ ಬೇರೆ. ಪ್ರೋಗ್ರಾಮು ಕುಸಿದುಬಿದ್ದರೆ ಅದೃಷ್ಟವೆನ್ನಬೇಕು. ಕುಸಿಯದೆ ತಪ್ಪು ಲೆಕ್ಕ ಬರೆಯುತ್ತ ಸಾಗುವುದೂ ಸಾಧ್ಯ.

ಈ ಅಪಾಯವನ್ನು ಯೂನಿಕ್ಸ್ ವ್ಯವಸ್ಥೆಯ ನಿರ್ಮಾಪಕರು ಹಿಂದೆಯೇ ಅರಿತಿದ್ದರು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಆರಂಭವಾದ ಆ ವ್ಯವಸ್ಥೆಯ ಪರಂಪರೆಯಲ್ಲಿ, ನಡೆಯುತ್ತಿರುವ ಪ್ರೋಗ್ರಾಮಿನ ಕಡತದೊಳಗೆ ಬರೆಯಹೊರಟವನಿಗೆ ‘ಟೆಕ್ಸ್ಟ್ ಫೈಲ್ ಬಿಸಿ’ ಎಂಬ ತಡೆಯ ಉತ್ತರ ದೊರೆಯುತ್ತದೆ. ಲಿನಕ್ಸ್ ಈ ತಡೆಯನ್ನು ಆನುವಂಶಿಕವಾಗಿ ಪಡೆಯಿತು. ೨೦೨೪ರಲ್ಲಿ ಇದು ಇನ್ನು ಅನಾವಶ್ಯಕವೆಂದು ಒಮ್ಮೆ ಕಿತ್ತುಹಾಕಲಾಯಿತಾದರೂ, ಈ ತಡೆಯನ್ನೇ ನೆಚ್ಚಿಕೊಂಡಿದ್ದ ಪ್ರೋಗ್ರಾಮಿಗೆ ತೊಂದರೆಯಾಯಿತೆಂದು ಅದೇ ವರ್ಷ ಮತ್ತೆ ಸೇರಿಸಲಾಯಿತೆಂಬುದು ಗಮನಾರ್ಹ. ಆದರೆ ಈ ರಕ್ಷಣೆ ಪೂರ್ಣವಾದುದಲ್ಲ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿ ಕಡತಗಳಿಗೆ ಲಿನಕ್ಸಿನಲ್ಲಿ ಈ ತಡೆಯಿಲ್ಲ. ಅವುಗಳ ಮೇಲೆ ನೇರವಾಗಿ ಬರೆದರೆ ಅವನ್ನು ನೆಚ್ಚಿದ ಪ್ರೋಗ್ರಾಮುಗಳೆಲ್ಲ ಒಟ್ಟಿಗೆ ಕೆಡುತ್ತವೆ.

ಬಳಕೆಯಲ್ಲಿರುವುದರ ಮೇಲೆ ಬರೆಯುವುದರಿಂದ ಎಂಥ ನಷ್ಟವಾದೀತೆಂಬುದಕ್ಕೆ ಬೇರೊಂದು ಕ್ಷೇತ್ರದ ಸಾಕ್ಷ್ಯವುಂಟು. ೧೯೭೬ರ ಜುಲೈ ೨೦ರಂದು ಮಂಗಳ ಗ್ರಹದ ಮೇಲಿಳಿದ ಅಮೆರಿಕದ ವೈಕಿಂಗ್-೧ ನೌಕೆಯು ಆರು ವರ್ಷಗಳಿಗೂ ಮೀರಿ ಕೆಲಸಮಾಡಿತು. ೧೯೮೨ರ ನವೆಂಬರಿನಲ್ಲಿ ಅದರ ಬ್ಯಾಟರಿಗಳ ವಿದ್ಯುತ್ ಭರ್ತಿಯನ್ನು ಸುಧಾರಿಸಲೆಂದು ಭೂಮಿಯಿಂದ ಹೊಸ ಆದೇಶಗಳನ್ನು ಕಳುಹಿಸಲಾಯಿತು. ಅವು ಆಂಟೆನಾವನ್ನು ಭೂಮಿಯತ್ತ ತಿರುಗಿಸುವ ವಿವರಗಳಿದ್ದ ಸ್ಮೃತಿಸ್ಥಾನದ ಮೇಲೆಯೇ ಬಿದ್ದುವು. ನೌಕೆಗೆ ಭೂಮಿ ಯಾವ ಕಡೆಗಿದೆಯೆಂಬುದೇ ಮರೆತಂತಾಯಿತು. ಸಂಪರ್ಕ ಮತ್ತೆ ದೊರೆಯಲಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ತಿದ್ದುಪಾಟೇ ಯಂತ್ರದ ಅಂತ್ಯಕ್ಕೆ ಕಾರಣವಾಯಿತು.

೩. ಹೆಸರು ಮತ್ತು ಒಡಲು

ಪರಿಹಾರದ ಬೀಜವು ಯೂನಿಕ್ಸಿನ ಒಂದು ಮೂಲಭೂತ ಏರ್ಪಾಡಿನಲ್ಲಿದೆ. ಅಲ್ಲಿ ಕಡತದ ಹೆಸರು ಬೇರೆ, ಕಡತದ ಒಡಲು ಬೇರೆ. ಒಡಲಿಗೆ ಐನೋಡ್ ಎಂಬ ಸಂಖ್ಯೆಯಿರುತ್ತದೆ. ಹೆಸರುಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ಆ ಸಂಖ್ಯೆಯನ್ನು ಬರೆದಿರುತ್ತದೆ. ಹೆಸರನ್ನು ಅಳಿಸಿದರೆ ಒಡಲು ಆ ಕ್ಷಣವೇ ಅಳಿಯುವುದಿಲ್ಲ. ಅದನ್ನು ಯಾವುದಾದರೂ ಪ್ರೋಗ್ರಾಮು ಹಿಡಿದಿರುವ ತನಕ ಅದು ಹಾಗೆಯೇ ಉಳಿದು, ಹಿಡಿದವರೆಲ್ಲ ಬಿಟ್ಟಮೇಲೆ ಮಾತ್ರ ಅದರ ಜಾಗ ತೆರವಾಗುತ್ತದೆ.

ಇದರಿಂದ ಲಭಿಸುವ ಕ್ರಮ ಇದು. ಹೊಸ ಪ್ರೋಗ್ರಾಮನ್ನು ಹಳೆಯದರ ಮೇಲೆ ಬರೆಯದೆ, ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಿಂದ ಪೂರ್ಣವಾಗಿ ಬರೆದಿಡಬೇಕು. ಅದು ಸರಿಯಾಗಿದೆಯೆಂದು ಪರೀಕ್ಷಿಸಬೇಕು. ಅನಂತರ ಹಳೆಯ ಹೆಸರನ್ನು ಹೊಸ ಒಡಲಿಗೆ ವರ್ಗಾಯಿಸಬೇಕು. ನಡೆಯುತ್ತಿರುವ ಹಳೆಯ ಪ್ರೋಗ್ರಾಮು ತನ್ನ ಹಳೆಯ ಒಡಲನ್ನೇ ಹಿಡಿದು ನಿರಾತಂಕವಾಗಿ ಸಾಗುತ್ತದೆ. ಮುಂದೆ ಆ ಹೆಸರಿನಿಂದ ಕರೆದಾಗ ಎದ್ದುಬರುವುದು ಹೊಸದು.

ಹೆಸರಿನ ವರ್ಗಾವಣೆಯು ಒಂದೇ ಅಖಂಡ ಕ್ರಿಯೆಯಾಗಿರಬೇಕಾದುದು ಇಲ್ಲಿ ಅವಶ್ಯ. ಮೊದಮೊದಲ ಯೂನಿಕ್ಸಿನಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಹಳೆಯ ಹೆಸರನ್ನು ಮೊದಲು ಅಳಿಸಿ, ಅನಂತರ ಹೊಸ ಒಡಲಿಗೆ ಆ ಹೆಸರನ್ನು ಕೊಡಬೇಕಾಗಿತ್ತು. ಈ ಎರಡರ ನಡುವೆ ಯಂತ್ರ ನಿಂತುಹೋದರೆ ಆ ಹೆಸರಿನ ಕಡತವೇ ಇಲ್ಲವಾಗುತ್ತಿತ್ತು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದವರು ೧೯೮೩ರಲ್ಲಿ ಹೊರತಂದ ೪.೨ ಬಿಎಸ್‌ಡಿ ಆವೃತ್ತಿಯಲ್ಲಿ ‘ರೀನೇಮ್’ ಎಂಬ ಕರೆಯನ್ನು ಸೇರಿಸಿ ಈ ಬಿರುಕನ್ನು ಮುಚ್ಚಿದರು. ಅಂದಿನಿಂದ ಆ ಹೆಸರನ್ನು ನೋಡಿದವನಿಗೆ ಹಳೆಯದಾದರೂ ದೊರೆಯುತ್ತದೆ, ಹೊಸದಾದರೂ ದೊರೆಯುತ್ತದೆ, ಅರ್ಧಂಬರ್ಧವಾದುದು ದೊರೆಯುವುದಿಲ್ಲ. ಲಿನಕ್ಸ್ ಹುಟ್ಟುವ ಹೊತ್ತಿಗೆ ಇದು ಸಿದ್ಧಾಂತವಾಗಿಯೇ ಬಂದಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರಿಕೆಯನ್ನು ನೆನಪಿಡಬೇಕು. ‘ಸಿಪಿ’ ಎಂಬ ನಕಲು ಆಜ್ಞೆಯು ಸಾಮಾನ್ಯವಾಗಿ ಹಳೆಯ ಒಡಲಿನೊಳಕ್ಕೇ ಬರೆಯುತ್ತದೆ. ‘ಎಂವಿ’ ಎಂಬ ಸ್ಥಳಾಂತರದ ಆಜ್ಞೆಯು ಹೆಸರನ್ನು ಬದಲಿಸುತ್ತದೆ. ಆದರೆ ಎರಡು ಸ್ಥಳಗಳೂ ಒಂದೇ ಕಡತವ್ಯವಸ್ಥೆಯಲ್ಲಿದ್ದರೆ ಮಾತ್ರ ಹೀಗೆ. ಸಣ್ಣ ಯಂತ್ರಗಳಲ್ಲಿ ತಾತ್ಕಾಲಿಕ ಕಡತಗಳ ಕೋಶವು ಅನೇಕ ವೇಳೆ ಚಂಚಲ ಸ್ಮೃತಿಯಲ್ಲಿರುತ್ತದೆ, ಪ್ರೋಗ್ರಾಮು ಸ್ಥಿರ ಸ್ಮೃತಿಯಲ್ಲಿರುತ್ತದೆ. ಅಲ್ಲಿಂದ ಇಲ್ಲಿಗೆ ‘ಎಂವಿ’ ಮಾಡಿದರೆ ಅದು ಒಳಗೊಳಗೇ ನಕಲಾಗಿ ಪರಿಣಮಿಸಿ, ಅಖಂಡತೆ ಕಳೆದುಹೋಗುತ್ತದೆ. ಆದ್ದರಿಂದ ಹೊಸ ಕಡತವನ್ನು ಹಳೆಯದರ ಕೋಶದಲ್ಲಿಯೇ ಸಿದ್ಧಪಡಿಸುವುದು ಯುಕ್ತ.

ಹೆಸರು ಬದಲಾದ ಮೇಲೂ ನಡೆಯುತ್ತಿರುವುದು ಹಳೆಯ ಪ್ರೋಗ್ರಾಮೇ ಎಂಬುದನ್ನು ಮರೆಯಲಾಗದು. ಅದಕ್ಕೆ ಸೂಚನೆಯಿತ್ತು, ಕೈಯಲ್ಲಿರುವ ಕೆಲಸವನ್ನು ಮುಗಿಸಿ ಲೆಕ್ಕವನ್ನು ಬರೆದಿಡಲು ಅವಕಾಶ ಕೊಟ್ಟು, ಅನಂತರ ಹೊಸದನ್ನು ಎಬ್ಬಿಸಬೇಕು. ಅಧಿಕಾರ ಬಿಡುವವನು ವಹಿಗಳನ್ನು ಒಪ್ಪಿಸಿ ಹೊರಡುವಂತೆ ಇದು.

೪. ವಿದ್ಯುತ್ತು ಹೋದಾಗ

ಮೇಲಿನ ಕ್ರಮವು ವಿದ್ಯುತ್ತು ಕೈಕೊಡದಿದ್ದರೆ ಸಾಕು. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಈ ‘ದಿದ್ದರೆ’ ಎಷ್ಟು ದುರ್ಬಲವೆಂದು ವಿವರಿಸಬೇಕಾಗಿಲ್ಲ. ಗಣಕವು ಬರೆದೆನೆಂದು ಹೇಳಿದ ಬರಹವು ಕೆಲಕಾಲ ಚಂಚಲ ಸ್ಮೃತಿಯಲ್ಲಿಯೇ ಇದ್ದು ಆಮೇಲೆ ಸ್ಥಿರ ಸ್ಮೃತಿಗೆ ಇಳಿಯುತ್ತದೆ. ಹೆಸರಿನ ಬದಲಾವಣೆ ಮೊದಲು ಇಳಿದು, ಒಡಲಿನ ಬರಹ ಇಳಿಯುವ ಮುನ್ನ ವಿದ್ಯುತ್ತು ಹೋದರೆ, ಹೊಸ ಹೆಸರಿನಲ್ಲಿ ಬರಿದಾದ ಕಡತವೊಂದು ಉಳಿಯುತ್ತದೆ. ೨೦೦೯ರ ಆದಿಯಲ್ಲಿ ಲಿನಕ್ಸಿನ ಎಕ್ಸ್ಟ್-೪ ಎಂಬ ಆಗ ಹೊಸದಾಗಿದ್ದ ಕಡತವ್ಯವಸ್ಥೆಯನ್ನು ಬಳಸಿದ ಕೆಲವರಿಗೆ ಹೀಗೆಯೇ ಆಯಿತು. ಯಂತ್ರ ನಿಂತು ಎದ್ದಾಗ ಹಲವು ಕಡತಗಳು ಶೂನ್ಯ ಗಾತ್ರದವಾಗಿದ್ದುವು. ಅದರ ಮುಖ್ಯ ನಿರ್ಮಾಪಕರಾದ ಥಿಯೊಡೋರ್ ತ್ಸೊ ಅವರು ಹೆಸರು ಬದಲಿಸುವ ಸಂದರ್ಭಕ್ಕೆ ವಿಶೇಷ ರಕ್ಷಣೆಯನ್ನು ಸೇರಿಸಿದರು. ಆದರೂ ‘ಎಫ್‌ಸಿಂಕ್’ ಎಂಬ ಕರೆಯಿಂದ ಒಡಲನ್ನು ಮೊದಲು ಸ್ಥಿರ ಸ್ಮೃತಿಗೆ ಇಳಿಸಿಯೇ ಹೆಸರು ಬದಲಿಸಬೇಕು, ಬಳಿಕ ಹೆಸರುಪಟ್ಟಿಯನ್ನೂ ಹಾಗೆಯೇ ಇಳಿಸಬೇಕು ಎಂಬ ನಿಯಮವು ಈ ಪ್ರಕರಣದಿಂದ ಪ್ರೋಗ್ರಾಮು ಬರೆಯುವವರಲ್ಲಿ ವ್ಯಾಪಕವಾಗಿ ನೆಲೆಗೊಂಡಿತು.

ಸಣ್ಣ ಯಂತ್ರಗಳ ಸ್ಥಿರ ಸ್ಮೃತಿಯಾದ ಫ್ಲ್ಯಾಷಿಗೆ ತನ್ನದೇ ಆದ ಇನ್ನೊಂದು ಸ್ವಭಾವವುಂಟು. ಅದರಲ್ಲಿ ಒಂದಕ್ಷರವನ್ನು ತಿದ್ದಬೇಕಾದರೂ ಒಂದು ಇಡೀ ಖಂಡವನ್ನು ಅಳಿಸಬೇಕು. ಅಳಿಸುವಿಕೆಯ ಸಂಖ್ಯೆಗೂ ಮಿತಿಯುಂಟು. ಈ ಕಾರಣದಿಂದ ಹಳೆಯದನ್ನು ಮುಟ್ಟದೆ ಹೊಸ ಜಾಗದಲ್ಲಿ ಬರೆಯುತ್ತ ಹೋಗುವ ಜೆಎಫ್‌ಎಫ್‌ಎಸ್-೨ ಎಂಬ ಕಡತವ್ಯವಸ್ಥೆ ೨೦೦೧ರಲ್ಲಿ ಬಂದಿತು. ಪಕ್ಕದಲ್ಲಿ ಬರೆಯುವ ನೀತಿಯು ಹೀಗೆ ಕಡತದ ಮಟ್ಟದಿಂದ ಸ್ಮೃತಿಯ ಮಟ್ಟಕ್ಕೂ ಇಳಿಯಿತು.

೫. ಭೂಮಿ ಮತ್ತು ಸಿಂಪ್ಯೂಟರ್

ಇನ್ನು ಕರ್ನಾಟಕದ ನಿದರ್ಶನಗಳು. ಮೊದಲನೆಯದು ಯಂತ್ರಕ್ಕಿಂತ ಹೆಚ್ಚಾಗಿ ಆಡಳಿತಕ್ಕೆ ಸೇರಿದುದು. ಆದರೆ ನಡೆಯುತ್ತಿರುವುದನ್ನು ನಿಲ್ಲಿಸದೆ ಬದಲಿಸಬೇಕೆಂಬ ಸಮಸ್ಯೆ ಅಲ್ಲಿಯೂ ಒಂದೇ. ಕಳೆದ ಶತಮಾನದ ಕೊನೆಯವರೆಗೆ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದುವು. ಇಡೀ ರಾಜ್ಯದ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು ೨ ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಏರಿಸಲಾಯಿತು. ಸೊರಬವೂ ಸೇರಿದಂತೆ ಅಂದಿನ ೧೭೭ ತಾಲ್ಲೂಕುಗಳಲ್ಲಿ ಈ ಕಾರ್ಯವು ೨೦೦೨ರ ವೇಳೆಗೆ ಬಹುಮಟ್ಟಿಗೆ ಮುಗಿಯಿತು. ಇಷ್ಟು ದೊಡ್ಡ ದಾಖಲೆಯನ್ನು ಬದಲಿಸುವಾಗ ಸಾಲ, ಮಾರಾಟ, ವ್ಯಾಜ್ಯಗಳು ಒಂದು ದಿನವೂ ನಿಲ್ಲುವಂತಿರಲಿಲ್ಲ.

ಅಲ್ಲಿ ಅನುಸರಿಸಿದ ಕ್ರಮ ಪರಿಶೀಲನಾರ್ಹ. ಕೈಬರಹದ ವಹಿ ಚಾಲ್ತಿಯಲ್ಲಿರುವಾಗಲೇ ಗಣಕದ ದಾಖಲೆಯನ್ನು ಪಕ್ಕದಲ್ಲಿ ಸಿದ್ಧಪಡಿಸಿ, ಮುದ್ರಿಸಿದ ಪ್ರತಿಯನ್ನು ಮೂಲದೊಡನೆ ತಾಳೆನೋಡಿ ತಿದ್ದಲಾಯಿತು. ತಾಲ್ಲೂಕಿನ ದಾಖಲೆ ಸಿದ್ಧವಾದ ಮೇಲೆ ಸರ್ಕಾರದ ಅಧಿಸೂಚನೆಯೊಂದರಿಂದ ಆ ತಾಲ್ಲೂಕಿನ ಕೈಬರಹದ ಪಹಣಿಗಿದ್ದ ಮಾನ್ಯತೆಯನ್ನು ತೆಗೆದು, ಗಣಕದ ಪಹಣಿಗೆ ಮಾನ್ಯತೆ ಕೊಡಲಾಯಿತು. ರೈತನು ೧೫ ರೂಪಾಯಿ ಕೊಟ್ಟು ತಾಲ್ಲೂಕು ಕೇಂದ್ರದಲ್ಲಿ ಅದನ್ನು ಪಡೆಯತೊಡಗಿದನು. ಅಧಿಸೂಚನೆಯ ದಿನ ಬದಲಾದುದು ‘ಪಹಣಿ’ ಎಂಬ ಹೆಸರು ಯಾವುದಕ್ಕೆ ಸಲ್ಲಬೇಕೆಂಬುದು ಮಾತ್ರ; ಒಡಲು ಮೊದಲೇ ಸಿದ್ಧವಾಗಿತ್ತು. ಇಡೀ ರಾಜ್ಯವನ್ನು ಒಂದೇ ದಿನ ಬದಲಿಸದೆ ತಾಲ್ಲೂಕು ತಾಲ್ಲೂಕಾಗಿ ಮಾಡಿದುದರಿಂದ ಒಂದೆಡೆಯ ದೋಷ ಎಲ್ಲೆಡೆಗೂ ಹಬ್ಬುವ ಸಂಭವವೂ ತಗ್ಗಿತು. ಹಕ್ಕು ಬದಲಾವಣೆಯಲ್ಲಿಯೂ ಇದೇ ನೀತಿಯನ್ನು ಕಾಣುತ್ತೇವೆ. ಆಗಿನ ನಿಯಮದಂತೆ ಆಕ್ಷೇಪಣೆಗೆ ೩೦ ದಿನಗಳ ಅವಕಾಶ ಕೊಟ್ಟು, ಕಂದಾಯ ನಿರೀಕ್ಷಕರು ಮಂಜೂರು ಮಾಡುವವರೆಗೆ ಪಹಣಿಯಲ್ಲಿ ಹಳೆಯ ಹೆಸರೇ ನಿಲ್ಲುತ್ತಿತ್ತು. ದಾಖಲೆ ತಿದ್ದುವ ನೌಕರನು ಬೆರಳಚ್ಚಿನಿಂದ ತನ್ನ ಗುರುತನ್ನು ಸ್ಥಾಪಿಸಬೇಕಾಗಿತ್ತು. ಗಣಕಶಾಸ್ತ್ರವನ್ನೋದದ ಕಂದಾಯ ಇಲಾಖೆಯ ಹಳೆಯ ಪದ್ಧತಿಯೇ ಇಲ್ಲಿ ಗಣಕಶಾಸ್ತ್ರದ ನಿಯಮದೊಡನೆ ಹೊಂದಿಬರುತ್ತದೆ.

ಎರಡನೆಯ ನಿದರ್ಶನವು ನೇರವಾಗಿ ಲಿನಕ್ಸ್ ಯಂತ್ರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೆಲವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರಚಿಸಿಕೊಂಡ ಸಿಂಪ್ಯೂಟರ್ ಟ್ರಸ್ಟ್, ೨೦೦೧ರ ಏಪ್ರಿಲಿನಲ್ಲಿ ಅಂಗೈಯಗಲದ ಗಣಕವೊಂದರ ಮಾದರಿಯನ್ನು ಪ್ರದರ್ಶಿಸಿತು. ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಗುಣಗಳ ಮೇಲೆ ಅದರ ಹೆಸರನ್ನು ಕಟ್ಟಲಾಗಿತ್ತು. ಅದರೊಳಗಿದ್ದುದು ಲಿನಕ್ಸ್. ಕನ್ನಡ ಬರಹವನ್ನು ಓದಿ ಹೇಳುವ ‘ಧ್ವನಿ’ ಎಂಬ ಪ್ರೋಗ್ರಾಮು ಕೂಡ ಈ ಪ್ರಯತ್ನದಿಂದಲೇ ಬೆಳೆಯಿತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಸಂಗ್ರಹಕಾರ್ಯದಲ್ಲಿ ಇದನ್ನು ಬಳಸಿತು. ೨೦೦೪ರ ಏಪ್ರಿಲಿನಲ್ಲಿ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತಾದರೂ, ನಿರೀಕ್ಷಿಸಿದಷ್ಟು ಮಾರಾಟವಾಗದೆ ಆ ಪ್ರಯೋಗವು ಮುಂದುವರಿಯಲಿಲ್ಲ.

ನಮ್ಮ ವಿಷಯದ ದೃಷ್ಟಿಯಿಂದ ಸಿಂಪ್ಯೂಟರಿನ ಎರಡು ಅಂಶಗಳು ಮುಖ್ಯ. ಅದರ ಫ್ಲ್ಯಾಷ್ ಸ್ಮೃತಿ ಕೆಲವೇ ಹತ್ತು ಮೆಗಾಬೈಟುಗಳಷ್ಟು. ಇಷ್ಟು ಇಕ್ಕಟ್ಟಿನಲ್ಲಿ ಇಡೀ ವ್ಯವಸ್ಥೆಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವುದು ದುಬಾರಿ; ಒಂದೊಂದೇ ಕಡತವನ್ನು ಪಕ್ಕದಲ್ಲಿ ಬರೆದು ಹೆಸರು ಬದಲಿಸುವ ಕ್ರಮವೇ ಆ ವರ್ಗದ ಯಂತ್ರಗಳಿಗೆ ಹೊಂದುವಂಥದು. ಎರಡನೆಯದಾಗಿ, ಹಲವರು ಹಂಚಿಕೊಂಡು ಬಳಸಲಿ ಎಂದು ಅದಕ್ಕೆ ಸ್ಮಾರ್ಟ್‌ಕಾರ್ಡನ್ನು ಅಳವಡಿಸಿದ್ದರು. ಪ್ರತಿಯೊಬ್ಬನ ವಿವರ ಅವನ ಕಾರ್ಡಿನಲ್ಲಿ, ಪ್ರೋಗ್ರಾಮು ಯಂತ್ರದಲ್ಲಿ. ಅಗ್ಗದ ಯಂತ್ರವನ್ನು ಊರಿಗೆಲ್ಲ ಹಂಚುವ ಉದ್ದೇಶದಿಂದ ಮಾಡಿದ ಈ ವಿಂಗಡಣೆ, ಪ್ರೋಗ್ರಾಮನ್ನು ಬದಲಿಸುವಾಗ ಜನರ ಲೆಕ್ಕಕ್ಕೆ ಕೈತಾಗದಿರಬೇಕೆಂಬ ನಿಯಮಕ್ಕೂ ಆಧಾರವಾಗತಕ್ಕದ್ದು. ಇಂದಿನ ಎಂಬೆಡೆಡ್ ಲಿನಕ್ಸ್ ಯಂತ್ರಗಳಲ್ಲಿ ಪ್ರೋಗ್ರಾಮುಗಳ ವಿಭಾಗವನ್ನು ಓದುವುದಕ್ಕೆ ಮಾತ್ರ ತೆರೆದಿಟ್ಟು, ದಾಖಲೆಗಳಿಗೆ ಬೇರೆ ವಿಭಾಗವನ್ನು ಮೀಸಲಿಡುವ ವಾಡಿಕೆಯು ಇದೇ ವಿವೇಕದ ಫಲ.

೬. ಜೋಡಿ ವ್ಯವಸ್ಥೆ

ಸ್ಮೃತಿ ಅಗ್ಗವಾದಂತೆ ಎರಡು ಪ್ರತಿಗಳನ್ನಿಡುವ ಕ್ರಮ ಸಾಧ್ಯವಾಯಿತು. ಯಂತ್ರದಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಸಮಾನ ವಿಭಾಗಗಳಿರುತ್ತವೆ. ಒಂದು ನಡೆಯುತ್ತಿರುವಾಗ ಹೊಸ ವ್ಯವಸ್ಥೆಯನ್ನು ಇನ್ನೊಂದರಲ್ಲಿ ಬರೆದು, ನಿರ್ಮಾಪಕನ ಗಣಕೀಯ ಮುದ್ರೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಮುಂದಿನ ಸಲ ಅದರಿಂದ ಎದ್ದೇಳುವಂತೆ ಒಂದು ಗುರುತನ್ನು ಮಾತ್ರ ಬದಲಿಸುತ್ತಾರೆ. ಎದ್ದ ಹೊಸ ವ್ಯವಸ್ಥೆಯು ತಾನು ಕ್ಷೇಮವೆಂದು ಗೊತ್ತಾದ ಅವಧಿಯಲ್ಲಿ ದೃಢಪಡಿಸಬೇಕು. ಅದು ಸ್ತಬ್ಧವಾದರೆ ವಾಚ್‌ಡಾಗ್ ಎಂಬ ಕಾವಲು ಗಡಿಯಾರವು ಯಂತ್ರವನ್ನು ಮತ್ತೆ ಎಬ್ಬಿಸುತ್ತದೆ. ಕೆಲವು ಸಲ ಯತ್ನಿಸಿಯೂ ದೃಢೀಕರಣ ಬಾರದಿದ್ದರೆ ಬೂಟ್‌ಲೋಡರು ಹಳೆಯ ವಿಭಾಗಕ್ಕೆ ತಾನಾಗಿ ಮರಳುತ್ತದೆ. ಲಿನಕ್ಸನ್ನೇ ತಿರುಳಾಗಿ ಉಳ್ಳ ಆಂಡ್ರಾಯ್ಡ್ ಫೋನುಗಳಿಗೆ ಈ ಕ್ರಮವು ೨೦೧೬ರ ಏಳನೆಯ ಆವೃತ್ತಿಯೊಡನೆ ಬಂದಿತು. ಈಚಿನ ವರ್ಷಗಳಲ್ಲಿ ಕರ್ನಾಟಕದ ಬೆಳೆ ಸಮೀಕ್ಷೆ ಮೊಬೈಲ್ ಫೋನಿನ ಮೂಲಕ ನಡೆಯುತ್ತಿರುವುದರಿಂದ, ಜಡೆಯ ಹೊಲಗದ್ದೆಗಳ ವಿವರವೂ ಈಗ ಇಂಥ ಯಂತ್ರಗಳ ಮೂಲಕವೇ ದಾಖಲಾಗುತ್ತದೆ.

ಈ ಹಂತದಲ್ಲಿ ಸೇರಿದ ಹೊಸ ನಿಯಮವೆಂದರೆ, ಹಳೆಯದನ್ನು ಹೊಸದು ಬಂದ ಕ್ಷಣದಲ್ಲಿ ಬಿಡದೆ, ಹೊಸದು ಕೆಲಸಮಾಡಿ ತೋರಿಸುವವರೆಗೆ ಉಳಿಸಿಕೊಳ್ಳುವುದು. ತಜ್ಞನಿಲ್ಲದ ಊರಿನಲ್ಲಿ ತಜ್ಞನ ಕೆಲಸವನ್ನು ಮಾಡುವುದು ಈ ಹಿಮ್ಮರಳುವ ದಾರಿಯೇ.

೭. ಬದಲಿಸದಿರುವ ನಿರ್ಧಾರ

ಮೂರನೆಯ ನಿದರ್ಶನವು ಇದಕ್ಕೆ ವ್ಯತಿರಿಕ್ತವಾದುದು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಹೈದರಾಬಾದಿನ ಇಸಿಐಎಲ್ ಸಂಸ್ಥೆಯಂತೆ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುತ್ತದೆ. ಈ ಯಂತ್ರದಲ್ಲಿ ಲಿನಕ್ಸಿನಂಥ ಕಾರ್ಯಾಚರಣ ವ್ಯವಸ್ಥೆಯಿಲ್ಲ. ಇದರ ಪ್ರೋಗ್ರಾಮನ್ನು ಒಮ್ಮೆ ಮಾತ್ರ ಬರೆಯಬಹುದಾದ ಚಿಪ್ಪಿನಲ್ಲಿ ಅಳಿಸಲಾಗದಂತೆ ಮೂಡಿಸಿರುತ್ತಾರೆಂದು ಚುನಾವಣಾ ಆಯೋಗವು ತಿಳಿಸಿದೆ. ಮತದಾನದ ಯಂತ್ರದಲ್ಲಿ ಸುಲಭವಾಗಿ ಬದಲಿಸಬಹುದೆಂಬುದೇ ಸಂಶಯಕ್ಕೆ ಎಡೆಮಾಡುವುದರಿಂದ, ಬದಲಾವಣೆಯ ಬಾಗಿಲನ್ನೇ ಮುಚ್ಚುವುದನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಸೊರಬದ ಕಲ್ಲುಗಳ ನೀತಿಗೆ ಇದು ಹತ್ತಿರದ್ದು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸುಧಾರಣೆ ಬೇಕಾದರೆ ಹೊಸ ಯಂತ್ರವನ್ನೇ ಮಾಡಬೇಕು. ಎಂ-೧, ಎಂ-೨, ೨೦೧೩ರ ಬಳಿಕ ಎಂ-೩ ಎಂದು ಯಂತ್ರದ ಪೀಳಿಗೆಗಳು ಬಂದಿರುವುದು ಈ ಬಗೆಯ ನವೀಕರಣಕ್ಕೆ ಸಾಕ್ಷಿ.

ಪಹಣಿಯ ಯಂತ್ರಕ್ಕೆ ಈ ಮಾರ್ಗ ಒಗ್ಗದು, ಏಕೆಂದರೆ ಭೂಕಾನೂನು ಬದಲಾಗುತ್ತಲೇ ಇರುತ್ತದೆ. ಮತಯಂತ್ರಕ್ಕೆ ಭೂಮಿಯ ಮಾರ್ಗ ಒಗ್ಗದು. ಆದುದರಿಂದ ಯಾವ ಯಂತ್ರ ಬದಲಾಗತಕ್ಕದ್ದು, ಯಾವುದು ಬದಲಾಗಬಾರದ್ದು ಎಂಬ ನಿರ್ಣಯವು ತಾಂತ್ರಿಕ ನಿರ್ಣಯಕ್ಕಿಂತ ಮೊದಲು ಬರಬೇಕಾದ ಸಾಮಾಜಿಕ ನಿರ್ಣಯವೆಂದು ನಮ್ಮ ಅಭಿಪ್ರಾಯ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಐದು ನಿಯಮಗಳು ಸಿದ್ಧಿಸುತ್ತವೆ. ಬಳಕೆಯಲ್ಲಿರುವುದರ ಮೇಲೆ ಬರೆಯಬಾರದು. ವೈಕಿಂಗ್ ನೌಕೆಯು ಇದಕ್ಕೆ ನಿದರ್ಶನ. ಹೊಸದನ್ನು ಪಕ್ಕದಲ್ಲಿ ಪೂರ್ಣವಾಗಿ ಸಿದ್ಧಪಡಿಸಿ ಪರೀಕ್ಷಿಸಬೇಕು. ಭೂಮಿ ಯೋಜನೆಯಲ್ಲಿ ಹೀಗೆ ನಡೆಯಿತು. ಬದಲಾವಣೆಯು ಒಂದೇ ಅಖಂಡ ಕ್ರಿಯೆಯಾಗಿರಬೇಕು. ೧೯೮೩ರಲ್ಲಿ ಇದು ಸಾಧಿತವಾಯಿತು. ಬರಹವು ಸ್ಥಿರ ಸ್ಮೃತಿಗೆ ಇಳಿದುದನ್ನು ಖಚಿತಪಡಿಸಿಕೊಳ್ಳಬೇಕು. ೨೦೦೯ರ ಪ್ರಕರಣವು ಇದನ್ನು ಮನಗಾಣಿಸಿತು. ಹೊಸದು ತನ್ನನ್ನು ಸಮರ್ಥಿಸಿಕೊಳ್ಳುವವರೆಗೆ ಹಳೆಯದು ಉಳಿದಿರಬೇಕು; ಜೋಡಿ ವ್ಯವಸ್ಥೆಯು ಇದನ್ನು ಯಂತ್ರದಲ್ಲಿಯೇ ಅಳವಡಿಸಿತು.

ಈ ನಿಯಮಗಳಲ್ಲಿ ಯಾವುದೊಂದು ತಪ್ಪಿದರೂ ಅದರ ಭಾರ ಬೀಳುವುದು ಪ್ರೋಗ್ರಾಮು ಬರೆದವನ ಮೇಲಲ್ಲ. ಬ್ಯಾಂಕಿಗೆ ಪಹಣಿ ಒಯ್ಯಬೇಕಾದ ಜಡೆಯ ರೈತನು, ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಗೃಹಿಣಿಯು ಅದನ್ನು ಹೊರುತ್ತಾರೆ. ಗಣಕದ ಇತಿಹಾಸವನ್ನು ಬರೆಯುವವರು ಹೊಸ ಯಂತ್ರ ಯಾವಾಗ ಬಂದಿತೆಂಬುದನ್ನು ಗುರುತಿಸಿದಂತೆಯೇ, ಬಂದ ಯಂತ್ರವನ್ನು ಕೆಲಸ ನಿಲ್ಲದಂತೆ ಹೇಗೆ ನವೀಕರಿಸುತ್ತ ಬಂದರೆಂಬುದನ್ನೂ ಗುರುತಿಸಬೇಕು. ತಾಲ್ಲೂಕು ಕಚೇರಿಗಳ ಅಧಿಸೂಚನೆಗಳು, ತಾಳೆನೋಡಿದ ಮುದ್ರಿತ ಪ್ರತಿಗಳು, ಹಳೆಯ ಕೈಬರಹದ ವಹಿಗಳು ಈ ಇತಿಹಾಸದ ಆಕರಗಳು. ಶಾಸನಗಳಂತೆ ಅವು ತಾವಾಗಿ ಉಳಿಯುವುವಲ್ಲವಾದುದರಿಂದ, ಅವುಗಳನ್ನು ಸಂಗ್ರಹಿಸಿ ಕಾಪಾಡುವ ಕಾರ್ಯದಲ್ಲಿ ಕಾಲೇಜುಗಳ ಇತಿಹಾಸ ವಿಭಾಗಗಳು ಆಸಕ್ತಿ ವಹಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.